ಒಂದು ಇಂಚು ಹೆಚ್ಚು

ಮೆರ್ಲ್ ಡಾನೆಕ್ ಶವಪೆಟ್ಟಿಗೆಯ ಅಗಲಕ್ಕೆ ಟೇಪು ಎಳೆದು ಹಿಡಿದಿದ್ದಾಗ ಚರ್ಚಿನ ಪಕ್ಕದ ಬಾಗಿಲು ಕಿರುಗುಟ್ಟಿತು. ಗಡಿಬಿಡಿಯಲ್ಲಿ ಕೈ ಜಾರಿ, ಟೇಪು ಸರ್ರನೆ ಸುತ್ತಿಕೊಂಡು ಬಂದು ಅವನ ಹೆಬ್ಬೆರಳಿಗೇ ಬಡಿಯಿತು. ಎಪ್ಪತ್ತು ದಾಟಿದ ಮನುಷ್ಯ, ಕದ್ದು ಸಿಕ್ಕಿಬಿದ್ದ ಹುಡುಗನಂತೆ ಟೇಪನ್ನು ಕೋಟಿನ ಜೇಬಿಗೆ ತುರುಕಿ ಕೈಕಟ್ಟಿ ನಿಂತ.

ಒಳಗೆ ಬಂದವಳು ಆರ್ಡಿಸ್, ಸತ್ತವನ ಹೆಂಡತಿ. ಕೈಯಲ್ಲಿ ಬಿಳಿ ಸೇವಂತಿಗೆಯ ಕುಂಡವಿತ್ತು.

“ಯಾರು, ಮೆರ್ಲಾ? ಇಷ್ಟು ಬೇಗ ಬಂದ್ಬಿಟ್ಯಾ?”

“ಗುಂಡಿ ಹತ್ರ ಹೋಗಿ ಎಲ್ಲಾ ಸರಿಯಿದೆಯಾ ನೋಡ್ಕೊಂಡು ಬಂದೆ. ಹಾಗೇ ಇವನನ್ನೂ ಒಂದ್ಸಲ ನೋಡೋಣ ಅಂತ.”

“ಮುಟ್ಟಿ ನೋಡು, ಏನೂ ಪರವಾಗಿಲ್ಲ,” ಎಂದಳು ಆರ್ಡಿಸ್, ಕುಂಡವನ್ನು ಪೆಟ್ಟಿಗೆಯ ಕಾಲಬಳಿ ಇಟ್ಟು. “ನೀನು ಬಂದು ಕೈಯಾಡಿಸೇ ಆಡಿಸ್ತೀಯ ಅಂತ ಆರ್ವಿಡ್‌ಗೆ ಗೊತ್ತಿತ್ತು. ಒಂದು ಸ್ಕ್ರೂನೂ ಹೊರಗೆ ಕಾಣಬಾರದು, ಕಂಡ್ರೆ ಮೆರ್ಲ್ ನಗ್ತಾನೆ ಅಂತಿದ್ದ. ಅದಕ್ಕೇ ಎಲ್ಲಾ ಒಳಗಿನಿಂದ ಬಿಗಿಸಿ, ಆಮೇಲೆ ಒಳಗೆಲ್ಲಾ ಬಟ್ಟೆ ಹೊದಿಸಿದಾರೆ.”

ಮೆರ್ಲ್ ನಗಲಿಲ್ಲ. ಅವನ ಮನಸ್ಸಿನಲ್ಲಿ ಬೇರೆಯೇ ಮಾತಿತ್ತು. ನಾಲ್ಕು ದಿನದಿಂದ ಕೊರೆಯುತ್ತಿತ್ತು. “ನನಗೆ ಹೇಳಿದ್ರೆ ಮಾಡಿಕೊಡ್ತಿರಲಿಲ್ವಾ, ಆರ್ಡಿಸ್? ಮೂವತ್ತು ವರ್ಷ ಎದುರುಬದುರು ಕೋಣೇಲಿ ಪಾಠ ಮಾಡಿದೋರು ನಾವು. ಅವನು ಗೆರೆ ಎಳೆದ್ರೆ ನಾನು ಮರ ಕೊಯ್ದಿದೀನಿ. ಇದೊಂದಕ್ಕೆ ನಾನು ಬೇಡವಾದ್ನಾ?”

“ನಾನೂ ಅದೇ ಅಂದೆ ಕಣೋ. ಬೇಡ, ನಕ್ಷೆ ನಾನೇ ಬರೀತೀನಿ, ಮಾರ್ನಿ ಇದಾಳಲ್ಲ, ಅವಳ ಕ್ಲಾಸಿನ ಮಕ್ಕಳು ಮಾಡಲಿ, ಅವರಿಗೂ ಕಲಿತ ಹಾಗಾಗುತ್ತೆ ಅಂದ. ಕೊನೇವರೆಗೂ ಮೇಷ್ಟ್ರೇ ಅಲ್ವಾ ಅವನು.” ಆರ್ಡಿಸ್ ಕಣ್ಣೊರೆಸಿಕೊಂಡು, ಕೆಳಗೆ ಅಡುಗೆಮನೆಯಲ್ಲಿ ಕಾಫಿ ಆಗಿದೆ, ಬಾ ಎಂದು ಹೇಳಿ ಇಳಿದು ಹೋದಳು.

ಮಾರ್ನಿ ಬೇರೆ ಯಾರೂ ಅಲ್ಲ, ಮೆರ್ಲ್‌ನ ಮಗಳು. ಒಬ್ಬಳೇ ಮಗಳು. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ತನ್ನವರು ಅಂತ ಉಳಿದಿದ್ದವಳೂ ಅವಳೊಬ್ಬಳೇ. ಆ ಮಗಳು ಇನ್ನೊಬ್ಬನ ಶವಪೆಟ್ಟಿಗೆ ಮಾಡಿಸಲು ವಾರಗಟ್ಟಲೆ ಸ್ಕೂಲಿನಲ್ಲೇ ಕಾಲ ಕಳೆದಿದ್ದಳು. ಅಪ್ಪನ ಮನೆಯ ಮೆಟ್ಟಿಲು ಹತ್ತಿ ಎಷ್ಟು ದಿನವಾಗಿತ್ತೋ.

ಹೆಜ್ಜೆಯ ಸದ್ದು ಪೂರ್ತಿ ಅಡಗಿದ ಮೇಲೆ ಮೆರ್ಲ್ ಮತ್ತೆ ಟೇಪು ತೆಗೆದ. ಮೊದಲ ಸಲ ಕಂಡದ್ದು ಕಣ್ಣಿನ ಭ್ರಮೆ ಇರಬಹುದು ಎನಿಸಿತ್ತು. ಭ್ರಮೆಯಲ್ಲ. ಪೆಟ್ಟಿಗೆಯ ಮೈ ಇಪ್ಪತ್ತೇಳು ಇಂಚು. ಎರಡೂ ಪಕ್ಕದಲ್ಲಿ ಹೊರುವವರು ಹಿಡಿಯಲೆಂದು ಉದ್ದಕ್ಕೆ ಓಕ್ ಮರದ ಪಟ್ಟಿ. ಒಂದೊಂದು ಪಟ್ಟಿಯೂ ಮೂರು ದಪ್ಪ ಗೂಟಗಳ ಮೇಲೆ ಎರಡಿಂಚು ಹೊರಗೆ ಚಾಚಿಕೊಂಡಿತ್ತು. ಅಲ್ಲಿಗೆ ಮೂವತ್ತೊಂದು. ಅಂಗಡಿಯಲ್ಲಿ ಸಿಗುವ ಪೆಟ್ಟಿಗೆಯ ಹಿಡಿಕೆ ಮಡಚಿ ಕೆಳಗೆ ಬೀಳುತ್ತದೆ. ಇದು ಮಡಚುವಂಥದ್ದಲ್ಲ.

ಈ ಊರಿನ ಸ್ಮಶಾನದಲ್ಲಿ ಮಣ್ಣು ಕುಸಿಯಬಾರದೆಂದು ಗುಂಡಿಯೊಳಗೆ ಮೊದಲು ಒಂದು ಕಾಂಕ್ರೀಟ್ ತೊಟ್ಟಿ ಇಳಿಸುತ್ತಾರೆ. ಶವಪೆಟ್ಟಿಗೆ ಕೂರುವುದು ಅದರೊಳಗೆ. ಸ್ಮಶಾನ ಸಮಿತಿಗೆ ಮೆರ್ಲ್‌ನೇ ಅಧ್ಯಕ್ಷ, ತೊಟ್ಟಿ ತರಿಸಿದವನೂ ಅವನೇ. ಶವಸಂಸ್ಕಾರದ ವ್ಯವಸ್ಥೆ ನೋಡಿಕೊಳ್ಳುವ ಲಾಯ್ಡ್ ಫೋನು ಮಾಡಿ, “ಸ್ಕೂಲಿಂದ ಅಳತೆ ಬಂತು, ಇಪ್ಪತ್ತೇಳಂತೆ, ಮಾಮೂಲಿ ತೊಟ್ಟಿ ಸಾಕು” ಎಂದಿದ್ದ. ಮಾಮೂಲಿ ತೊಟ್ಟಿಯ ಒಳ ಅಗಲ ಮೂವತ್ತು. ಬೆಳಗ್ಗೆ ತಾನೇ ಅದರ ಅಂಚಿನ ಮೇಲೆ ನಿಂತು ನೋಡಿಬಂದಿದ್ದ.

ಒಂದು ಇಂಚು ಹೆಚ್ಚು. ಆರ್ವಿಡ್ ಟೋಲೆಫ್ಸನ್, ಇಡೀ ಜಿಲ್ಲೆ ತಲೆಯ ಮೇಲೆ ಹೊತ್ತು ಮೆರೆಸಿದ ಡ್ರಾಯಿಂಗ್ ಮೇಷ್ಟ್ರು, ತನ್ನ ಪೆಟ್ಟಿಗೆಯ ಅಳತೆಯಲ್ಲೇ ಎಡವಿದ್ದ. ಸತ್ತವನ ತಲೆಯ ಪಕ್ಕದಲ್ಲಿ ನಿಂತ ಮೆರ್ಲ್‌ಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆಗಬಾರದಿತ್ತು, ಆಯಿತು.

*

ಆ ಸ್ಕೂಲಿನ ಹಿಂಭಾಗದ ಓಣಿಯಲ್ಲಿ ಎಡಗಡೆಯ ಬಾಗಿಲು ಆರ್ವಿಡ್‌ನದು, ಬಲಗಡೆಯದು ಮೆರ್ಲ್‌ನದು. ಎಡಗಡೆ ಓರೆಯಾಗಿ ನಿಲ್ಲಿಸಿದ ನಕ್ಷೆ ಬರೆಯುವ ಹಲಗೆಗಳು, ನೇರ ಗೆರೆ ಎಳೆಯುವ ಟೀ-ಸ್ಕ್ವೇರುಗಳು, ಕೆತ್ತಿ ಚೂಪಾಗಿಸಿದ ಪೆನ್ಸಿಲುಗಳು. ಬಲಗಡೆ ಗರಗಸ, ರಂದ, ಅಂಟಿನ ವಾಸನೆ. ಹುಡುಗರು ಒಂದು ಪೀಠವನ್ನೋ ಹಕ್ಕಿಗೂಡನ್ನೋ ಮೊದಲು ಎಡಗಡೆ ಬರೆಯಬೇಕು, ಆಮೇಲೆ ಬಲಗಡೆ ಬಂದು ಕೊಯ್ಯಬೇಕು. ಇದು ಆರ್ವಿಡ್ ಮಾಡಿದ ಕಟ್ಟಳೆ. ನಕ್ಷೆಯ ಮೂಲೆಯಲ್ಲಿ ‘ಬರೆದವರು’, ‘ಪರಿಶೀಲಿಸಿದವರು’ ಎಂದು ಎರಡು ಮನೆಗಳಿರುತ್ತಿದ್ದವು. ಎರಡನೆಯ ಮನೆಯಲ್ಲಿ ಆರ್ವಿಡ್‌ನ ಕೆಂಪು ಸಹಿ ಬೀಳುವವರೆಗೆ ಯಾವ ಹುಡುಗನೂ ಮೆರ್ಲ್‌ನ ಗರಗಸ ಮುಟ್ಟುವಂತಿರಲಿಲ್ಲ. ಹೀಗಾಗಿ ತನ್ನ ಕೋಣೆಯಲ್ಲಿ ಏನು ಕೊಯ್ಯಬೇಕೆಂಬುದಕ್ಕೂ ಮೆರ್ಲ್ ಎದುರುಕೋಣೆಯ ಅಪ್ಪಣೆ ಕಾಯಬೇಕಾಗಿತ್ತು.

ಆರ್ವಿಡ್ ಯಾರಿಗೂ ಗದರಿದವನಲ್ಲ. ಹುಡುಗ ತಂದ ಹಾಳೆಯನ್ನು ತಲೆ ಓರೆಮಾಡಿ ನೋಡುವನು, ನೋಡಿ ಒಂದೇ ಪ್ರಶ್ನೆ ಕೇಳುವನು: “ಒಟ್ಟು ಅಳತೆ ಎಲ್ಲಪ್ಪಾ?” ಒಂದೊಂದು ತುಂಡಿನ ಅಳತೆ ಬರೆದರೆ ಸಾಲದು, ಎಲ್ಲಾ ಸೇರಿ ಎಷ್ಟಾಯಿತು ಎಂದು ಹೊರಗಡೆ ಬರೆಯಬೇಕು, ಅದಿಲ್ಲದಿದ್ದರೆ ಹಾಳೆ ವಾಪಸ್. ಹುಡುಗರು ಬೈದುಕೊಳ್ಳುತ್ತಿದ್ದರು, ನಗುತ್ತಿದ್ದರು, ಅವನ ಧ್ವನಿ ಅಣಕಿಸುತ್ತಿದ್ದರು. ಊಟದ ಹೊತ್ತಿಗೆ ಅವನ ಕೋಣೆಯಲ್ಲೇ ಬಂದು ಕೂರುತ್ತಿದ್ದರು. ಮೆರ್ಲ್‌ನ ಕೋಣೆಯಲ್ಲಿ ಊಟದ ಹೊತ್ತಿಗೆ ಮೆರ್ಲ್ ಒಬ್ಬನೇ ಇರುತ್ತಿದ್ದ.

ಮಾರ್ನಿ ಹೈಸ್ಕೂಲಿಗೆ ಬಂದ ವರ್ಷವೇ ಕಂಪ್ಯೂಟರುಗಳೂ ಬಂದವು. ಅವಕ್ಕೆ ಜಾಗ ಸಾಲದೆಂದು ಮೆರ್ಲ್‌ನ ಕೋಣೆಯಲ್ಲಿ ಅರ್ಧ ಕಿತ್ತುಕೊಂಡು ಹೊಸ ಗೋಡೆ ಎಬ್ಬಿಸಿದರು. ಮೆರ್ಲ್ ಅದನ್ನೂ ನುಂಗಿಕೊಂಡಿದ್ದ, ಮಗಳಾದರೂ ತನ್ನ ಕೋಣೆಗೆ ಬರುತ್ತಾಳಲ್ಲ ಎಂದು. ಅವಳಿಗಾಗಿ ಚಿಕ್ಕ ಹಿಡಿಯ ಉಳಿ ಸಾಣೆ ಹಿಡಿಸಿಟ್ಟಿದ್ದ.

“ನಾನು ಟೋಲೆಫ್ಸನ್ ಮೇಷ್ಟ್ರ ಕ್ಲಾಸ್ ತಗೊಂಡೆ ಅಪ್ಪ,” ಎಂದಳು ಮಾರ್ನಿ ರಾತ್ರಿ ಊಟಕ್ಕೆ ಕೂತಾಗ, ಉಪ್ಪು ಕೊಡು ಎಂದಷ್ಟೇ ಸಲೀಸಾಗಿ.

“ಯಾಕಮ್ಮಾ? ಮರ ಅಂದ್ರೆ ಆಸೆ ಇಲ್ವಾ?”

“ನೀನು ಬೈತೀಯ.”

“ನಾನೆಲ್ಲಿ ಬೈತೀನಿ? ತಪ್ಪು ಮಾಡಿದ್ರೆ ತಪ್ಪು ಅಂತೀನಿ ಅಷ್ಟೆ.”

“ಅದೇ,” ಎಂದು ಅವಳು ತಟ್ಟೆಯ ಕಡೆ ನೋಡಿದಳು.

ಮೂರನೇ ವರ್ಷ ಅವಳು ಮ್ಯಾಡಿಸನ್‌ನಲ್ಲಿ ನಡೆದ ರಾಜ್ಯಮಟ್ಟದ ಡ್ರಾಯಿಂಗ್ ಸ್ಪರ್ಧೆಗೆ ಹೋದಳು. ಸ್ಕೂಲಿನ ವ್ಯಾನು ಓಡಿಸಲು ಜನವಿಲ್ಲವೆಂದು ಮೆರ್ಲ್‌ನನ್ನೇ ಕಳಿಸಿದರು. ಒಳಗೆ ಡ್ರಾಯಿಂಗ್ ಮೇಷ್ಟ್ರುಗಳಿಗೆ ಮಾತ್ರ ಪ್ರವೇಶ. ಮೆರ್ಲ್ ಹೊರಗೆ ಮಡಚುವ ಕುರ್ಚಿಯಲ್ಲಿ ಕೂತು ಯಂತ್ರದ ಕಾಫಿ ಕುಡಿದ. ಬಾಗಿಲು ತೆರೆದಾಗ ಎಲ್ಲರಿಗಿಂತ ಮುಂದೆ ಮಾರ್ನಿ ಓಡಿಬಂದಳು, ಕೈಯಲ್ಲಿ ಪದಕ. ಮೆರ್ಲ್ ಎದ್ದು ತೋಳು ಚಾಚುವಷ್ಟರಲ್ಲಿ ಅವಳು ಹಿಂದಕ್ಕೆ ತಿರುಗಿ, “ಸರ್, ಅಪ್ಪನಿಗೆ ನೀವೇ ಹೇಳಿ ಸರ್!” ಎಂದು ಆರ್ವಿಡ್‌ನ ತೋಳು ಹಿಡಿದು ಜಗ್ಗಿದಳು.

ಆರ್ವಿಡ್ ಹೇಳಿದ. ಚೆನ್ನಾಗಿಯೇ ಹೇಳಿದ, “ನಿನ್ನ ಮಗಳು ಬಂಗಾರ ಕಣಯ್ಯಾ” ಎಂದ. ತನ್ನ ಮಗಳು ಬಂಗಾರ ಎಂದು ಇನ್ನೊಬ್ಬನ ಬಾಯಿಂದ ತಿಳಿಯಬೇಕಾಗಿ ಬಂದದ್ದು ಮೆರ್ಲ್‌ಗೆ ಸಹಿಸಲಾಗಲಿಲ್ಲ. ಊರು ಮುಟ್ಟುವವರೆಗೆ ಅವನು ರಸ್ತೆ ನೋಡುತ್ತ ವ್ಯಾನು ಓಡಿಸಿದ. ಹಿಂದಿನ ಸೀಟಿನಲ್ಲಿ ಅವರಿಬ್ಬರ ಮಾತು ಮುಗಿಯಲೇ ಇಲ್ಲ.

*

ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಬನ್ನಿಗೆ ಬೆಣ್ಣೆ ಸವರಿ ಹ್ಯಾಮ್ ಇಡುತ್ತಿದ್ದರು. ದೊಡ್ಡ ಪಾತ್ರೆಗಳಲ್ಲಿ ಆಲೂಗಡ್ಡೆಯ ಸಲಾಡು, ಪಕ್ಕದಲ್ಲಿ ಉಪ್ಪಿನಸೌತೆ. ಮಾರ್ನಿ ಕಪ್ಪು ಲಂಗ, ಕಪ್ಪು ಕೋಟು ಹಾಕಿಕೊಂಡು, ತಾನು ಓದಬೇಕಾದ ಹಾಳೆಯನ್ನು ಕಾಫಿ ಡ್ರಮ್ಮಿನ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಈಗ ಆರ್ವಿಡ್‌ನ ಕೋಣೆಯಲ್ಲಿ ಪಾಠ ಮಾಡುವವಳು ಅವಳೇ. ಮೆರ್ಲ್‌ನ ಕೋಣೆ ಮುಚ್ಚಿಹೋಗಿ, ಅವನ ದೊಡ್ಡ ಗರಗಸವಿದ್ದ ಜಾಗದಲ್ಲಿ ಕಂಪ್ಯೂಟರ್ ಹೇಳಿದಂತೆ ಮರ ಕೊಯ್ಯುವ ಯಂತ್ರ ಬಂದು ಕೂತು ವರ್ಷಗಳೇ ಆಗಿದ್ದವು.

“ಮಾರ್ನಿ, ಒಂದು ನಿಮಿಷ ಇತ್ಲಾಗೆ ಬಾ.”

ಕೋಟು ನೇತುಹಾಕುವ ಮೂಲೆಗೆ ಕರೆದುಕೊಂಡು ಹೋದ. ಹೇಗೆ ಹೇಳಬೇಕೆಂದು ಮೆಟ್ಟಿಲಿಳಿಯುವಾಗ ಯೋಚಿಸಿಕೊಂಡಿದ್ದ: ಮೆಲ್ಲಗೆ, ಗಾಬರಿಪಡಿಸದೆ. ಬಾಯಿ ತೆರೆದಾಗ ಬಂದದ್ದೇ ಬೇರೆ.

“ನಿಮ್ಮ ಮೇಷ್ಟ್ರ ಪೆಟ್ಟಿಗೆ ತೊಟ್ಟೀಲಿ ಇಳಿಯಲ್ಲ.”

“ಏನು?”

“ಇಳಿಯಲ್ಲ ಅಂದೆ. ಮೈ ಅಳತೆ ಕೊಟ್ಟಿದೀರ, ಪಟ್ಟಿ ಸೇರಿಸಿಲ್ಲ. ಒಂದು ಇಂಚು ಹೆಚ್ಚು ಬರುತ್ತೆ. ಒಟ್ಟು ಅಳತೆ ಎಲ್ಲಮ್ಮಾ?” ಆ ಕೊನೆಯ ಮಾತನ್ನು ಅವನು ಆರ್ವಿಡ್‌ನ ಧ್ವನಿಯಲ್ಲೇ ಆಡಿದ. ತುಟಿಯ ಮೂಲೆಯಲ್ಲಿ ನಗು ಜಿನುಗಿದ್ದು ಅವನಿಗೇ ಗೊತ್ತಾಯಿತು, ತಡೆಯಲಾಗಲಿಲ್ಲ.

ಮಾರ್ನಿ ಆ ನಗುವನ್ನೇ ನೋಡಿದಳು. “ಟೇಪು ಹಿಡಿದು ಅಳೆದ್ಯಾ ನೀನು? ಅವರ ಶವಪೆಟ್ಟಿಗೇನ?”

“ಅಳೆದೆ. ಬೇಕಾದ್ರೆ ತಗೋ ಟೇಪು, ನೀನೂ ಅಳೆದು ನೋಡು.”

“ಅವರ ಕೈಯಲ್ಲಿ ಒಂದು ತಪ್ಪು ಆಗಲಿ ಅಂತ ನಾನು ಹುಟ್ಟಿದಾಗಿನಿಂದ ಕಾಯ್ತಿದೀಯ. ಇವತ್ತಾದ್ರೂ ಬಿಡಪ್ಪಾ. ಇವತ್ತೊಂದು ದಿನ.”

“ನಾನು ಸುಳ್ಳು ಹೇಳ್ತಿದೀನಾ? ಆ ಡ್ರಾಯಿಂಗ್ ಪರಿಶೀಲಿಸಿದ್ದು ಯಾರು?”

“ನಾನು.”

“ನೋಡಿ ಸಹಿ ಹಾಕಿದ್ಯಾ?”

“ಆಸ್ಪತ್ರೆ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಬರೆದ್ರು ಅಪ್ಪ. ಒಂದು ಗೆರೆ ಎಳೆಯೋದು, ಕಣ್ಣು ಮುಚ್ಚೋದು. ಅಂಥಾದ್ರಲ್ಲಿ ನಾನು ತಪ್ಪು ಹುಡುಕ್ತಾ ಕೂರಬೇಕಿತ್ತಾ?”

“ನಾನು ಬರೆದಿದ್ರೆ ನೀನು ಹುಡುಕ್ತಿದ್ದೆ.”

“ಹೌದು,” ಎಂದಳು ಮಾರ್ನಿ. “ನೀನು ಬರೆದಿದ್ರೆ ಹುಡುಕ್ತಿದ್ದೆ. ನಿನ್ನಿಂದಲೇ ತಾನೇ ಅದನ್ನ ಕಲಿತಿದ್ದು.”

ಅಷ್ಟರಲ್ಲಿ ಪಾದ್ರಿಣಿ ಮೆಟ್ಟಿಲ ತಲೆಯಲ್ಲಿ ನಿಂತು ಹೆಸರು ಹಿಡಿದು ಕರೆದಳು. ಮಾರ್ನಿ ಅಳೆದು ನೋಡುವ ಗೋಜಿಗೆ ಹೋಗದೆ, ಹಾಳೆ ಮಡಚಿಕೊಂಡು ಹೊರಟುಹೋದಳು. ಚಾಚಿದ ಟೇಪು ಮೆರ್ಲ್‌ನ ಕೈಯಲ್ಲೇ ಉಳಿಯಿತು.

ಲಾಯ್ಡ್ ಹತ್ತಿರದಲ್ಲೇ ಇದ್ದ, ಬಾಗಿಲ ಬಳಿ ಹೊರುವವರ ಕೋಟಿಗೆ ಹೂ ಸಿಕ್ಕಿಸುತ್ತಿದ್ದ. ಹತ್ತು ಹೆಜ್ಜೆ ನಡೆದು ಅವನ ಕಿವಿಯಲ್ಲಿ ಒಂದು ಮಾತು ಹಾಕಿದ್ದರೆ ಕೆಲಸ ಮುಗಿಯುತ್ತಿತ್ತು. ಯಾವುದೋ ನೆಪ ಹೇಳಿ, ಜನ ಹಾಡು ಹೇಳುವ ಹೊತ್ತಿಗೆ ಪಟ್ಟಿಗಳನ್ನು ಕೊಯ್ದುಹಾಕಬಹುದಿತ್ತು. ಹೊರುವವರು ಆರು ಜನ, ಆರೂ ಆರ್ವಿಡ್‌ನ ಶಿಷ್ಯರು. ಮೆರ್ಲ್‌ಗೆ ಅದರಲ್ಲೂ ಜಾಗವಿರಲಿಲ್ಲ. ಅವನು ಲಾಯ್ಡ್‌ನ ಪಕ್ಕದಿಂದಲೇ ಹಾದು ಮೇಲೆ ಹೋಗಿ, ಹಿಂದಿನ ಬೆಂಚಿನ ತುದಿಯಲ್ಲಿ ಕೂತ. ಆಗಲಿ, ಎಲ್ಲರೂ ನೋಡಲಿ ಎಂದುಕೊಂಡ.

ಚರ್ಚು ತುಂಬಿ, ಹೊರಗಿನ ಮೆಟ್ಟಿಲ ಮೇಲೂ ಜನ ನಿಂತಿದ್ದರು. ಮೆರ್ಲ್ ಒಂದೊಂದೇ ತಲೆಯನ್ನು ನೋಡುತ್ತ ಹೋದ. ನೆರೆತ ತಲೆ, ಬೋಳು ತಲೆ, ಬಣ್ಣ ಹಚ್ಚಿದ ತಲೆ. ಇವರಲ್ಲಿ ಅರ್ಧಕ್ಕರ್ಧ ಜನ ತನ್ನ ಕೋಣೆಯಲ್ಲೂ ರಂದ ಹಿಡಿದಿದ್ದವರೇ. ನಾಳೆ ತಾನು ಹೋದರೆ ಎಷ್ಟು ಬೆಂಚು ತುಂಬೀತು ಎಂದು ಲೆಕ್ಕ ಹಾಕಿದ. ಮುಂದಿನ ಮೂರು ಬೆಂಚು ತುಂಬಿಸುವುದಕ್ಕೇ ಆಗಲಿಲ್ಲ.

ಮೊದಲು ಮಾತಾಡಲು ಎದ್ದವನು ರಸೆಲ್. ಪಕ್ಕದೂರಿನಲ್ಲಿ ಅಚ್ಚು ತಯಾರಿಸುವ ಕಾರ್ಖಾನೆ ನಡೆಸುತ್ತಾನೆ, ಭಾರಿ ಧ್ವನಿಯ ಆಸಾಮಿ. “ನಾನು ನಾಲ್ಕು ಸಲ ಒಂದೇ ಸ್ಟೂಲ್ ಬರೆದೆ,” ಎಂದ. “ನಾಲ್ಕು ಸಲಾನೂ ಮೇಷ್ಟ್ರು ವಾಪಸ್ ಕೊಟ್ರು. ಇವತ್ತಿಗೂ ನನ್ನ ಫ್ಯಾಕ್ಟರೀಲಿ ಯಾರಾದ್ರೂ ಡ್ರಾಯಿಂಗ್ ತಂದ್ರೆ ನನ್ನ ಬಾಯಿಂದ ಬರೋದು ಅವರದೇ ಮಾತು. ಯಾವ ಮಾತು, ಹೇಳಿ ನೋಡೋಣ?”

“ಒಟ್ಟು ಅಳತೆ ಎಲ್ಲಪ್ಪಾ!” ಎಂದಿತು ಇಡೀ ಚರ್ಚು ಒಂದೇ ಕೊರಳಲ್ಲಿ, ಪಾಠ ಒಪ್ಪಿಸುವ ಮಕ್ಕಳ ಹಾಗೆ. ಆಮೇಲೆ ಎಲ್ಲರೂ ನಕ್ಕರು, ನಗುತ್ತಲೇ ಮೂಗು ಒರೆಸಿಕೊಂಡರು. ಹಿಂದಿನ ಬೆಂಚಿನಲ್ಲಿ ಮೆರ್ಲ್ ತಲೆ ತಗ್ಗಿಸಿದ. ಅವನಿಗೂ ನಗು ಬಂದಿತ್ತು, ಆದರೆ ಅವನ ನಗುವಿನ ಕಾರಣ ಬೇರೆ.

ಆಮೇಲೆ ಮಾರ್ನಿ ಎದ್ದಳು. ಹಾಳೆ ಬಿಚ್ಚಿದಳು, ನೋಡಿದಳು, ಮತ್ತೆ ಮಡಚಿಟ್ಟಳು.

“ನಾನು ಏನೇ ಮಾಡಿದ್ರೂ ತಪ್ಪಾಗುತ್ತೆ ಅಂದ್ಕೊಂಡು ಅವರ ಕ್ಲಾಸಿಗೆ ಹೋದೋಳು. ತಪ್ಪಾದ್ರೆ ಏನಮ್ಮಾ, ಅಳಿಸೋಕೆ ರಬ್ಬರ್ ಇದೆಯಲ್ಲ, ಇನ್ನೊಂದ್ಸಲ ಬರಿ ಅಂದ್ರು. ಅಷ್ಟೇ ಅವರು ನನಗೆ ಕಲಿಸಿದ್ದು. ಉಳಿದಿದ್ದೆಲ್ಲ ಕಂಪ್ಯೂಟರ್ ಕಲಿಸ್ತು.”

ಇನ್ನೂ ಏನೇನೋ ಹೇಳಿದಳು. ಅಪ್ಪನ ಹೆಸರು ಒಂದು ಸಲವೂ ಬರಲಿಲ್ಲ. ಮುಂದಿನ ಬೆಂಚಿನಿಂದ ಆರ್ಡಿಸ್ ಎದ್ದು ಬಂದು ಅವಳನ್ನು ತಬ್ಬಿಕೊಂಡಳು, ತನ್ನ ಮಗಳೇ ಎಂಬಂತೆ. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಂಥ ನಾಚಿಕೆಗೇಡು ಎಂದು ಗೊತ್ತಿದ್ದೂ ಮೆರ್ಲ್ ಪಟ್ಟ. ಇವನನ್ನು ಮಣ್ಣು ಮಾಡಿದರೂ ಇವನು ನನ್ನ ಮಗಳನ್ನು ವಾಪಸ್ ಕೊಡುವುದಿಲ್ಲ ಎಂದುಕೊಂಡ.

*

ವರ್ಷಗಳ ಹಿಂದೆ ಒಂದು ಕ್ರಿಸ್‌ಮಸ್ಸಿಗೆ ಸ್ವಲ್ಪ ಮೊದಲು, ಮೆರ್ಲ್‌ನ ಕೋಣೆ ಮುಚ್ಚುವುದೆಂದು ತೀರ್ಮಾನವಾದ ಸಂಜೆ, ಆರ್ವಿಡ್ ಬಂದು ಬಾಗಿಲಲ್ಲಿ ನಿಂತಿದ್ದ. ಒಳಗೆ ಬರಲಿಲ್ಲ.

“ನಾನು ಸ್ಕೂಲ್ ಬೋರ್ಡಿನೋರ ಹತ್ರ ಜಗಳ ಆಡಿದೆ ಮೆರ್ಲ್. ಕೇಳಲಿಲ್ಲ.”

“ಆಡಿರ್ತೀಯ.”

“ಆ ಮಕ್ಕಳು ಪರದೆ ಮೇಲೆ ಏನು ಬೇಕಾದ್ರೂ ಬರೀತಾರೆ. ಮರ ಎಷ್ಟು ದಪ್ಪ, ಬೆರಳಿಗೆ ಹೇಗೆ ತಾಗುತ್ತೆ, ಅದು ಅವರಿಗೆ ಗೊತ್ತಾಗಲ್ಲ. ನೀನಿಲ್ದೆ ಇದ್ರೆ ನನ್ನ ತಪ್ಪು ಹಿಡಿಯೋರು ಯಾರಯ್ಯಾ?”

ಮೆರ್ಲ್ ರಂದದ ಹೊಟ್ಟು ಗುಡಿಸುತ್ತಿದ್ದ, ಪೊರಕೆ ನಿಲ್ಲಿಸಲಿಲ್ಲ. “ನಿನಗೆಲ್ಲಿ ತಪ್ಪು ಆಗುತ್ತೆ,” ಎಂದ. ಆರ್ವಿಡ್ ತನ್ನ ಕೋಣೆಗೆ ಹೋಗಿ ದೀಪ ಹಾಕಿಕೊಂಡ. ಮಾರ್ನಿಯೂ ಆ ಹೊತ್ತಿಗೆ ಅಲ್ಲೇ ಇದ್ದಳು. ಕಾಲೇಜು ರಜೆಗೆ ಬಂದವಳು ಮನೆಗಿಂತ ಮೊದಲು ಆ ಕೋಣೆಗೆ ಹೋಗಿದ್ದಳು.

*

ಸ್ಮಶಾನ ಗುಡ್ಡದ ಮೇಲಿತ್ತು, ಕೆಳಗೆ ಕೊಯ್ದು ಮುಗಿದ ಜೋಳದ ಹೊಲ. ಗಾಳಿ ಕೋಟಿನೊಳಕ್ಕೆ ನುಗ್ಗುತ್ತಿತ್ತು. ಮೆರ್ಲ್ ಎಲ್ಲರಿಗಿಂತ ಮೊದಲು ತನ್ನ ಪಿಕಪ್‌ನಲ್ಲಿ ಬಂದು ಗೇಟು ತೆರೆದು, ಗುಂಡಿಯಿಂದ ಹತ್ತು ಮಾರು ದೂರದಲ್ಲಿ ನಿಂತಿದ್ದ. ಚೆನ್ನಾಗಿ ಕಾಣುವ ಜಾಗವನ್ನೇ ಆರಿಸಿಕೊಂಡಿದ್ದ.

ಆರು ಜನ ಪೆಟ್ಟಿಗೆ ಹೊತ್ತು ತಂದು ಗುಂಡಿಯ ಬಾಯಿಗೆ ಅಡ್ಡಲಾಗಿ ಬಿಗಿದಿದ್ದ ನವಾರಿನ ಮೇಲೆ ಇಟ್ಟರು. ಓಕ್ ಪಟ್ಟಿಗಳನ್ನು ಹಿಡಿದ ಕೈಗಳು ಒಂದೊಂದಾಗಿ ಬಿಟ್ಟವು. ಪಾದ್ರಿಣಿ ಮಣ್ಣಿನಿಂದ ಬಂದದ್ದು ಮಣ್ಣಿಗೆ ಎಂದು ಹೇಳಿ ಒಂದು ಹಿಡಿ ಮಣ್ಣು ಹಾಕಿದಳು. ಲಾಯ್ಡ್ ನವಾರು ಇಳಿಸುವ ತಿರುಗುಣಿ ಬಿಟ್ಟ. ಪೆಟ್ಟಿಗೆ ಮೆಲ್ಲಗೆ, ನೀರಿಗೆ ಇಳಿಯುವಂತೆ ಇಳಿಯತೊಡಗಿತು. ಇಲ್ಲಿನ ಜನ ಪೆಟ್ಟಿಗೆ ಪೂರ್ತಿ ಕೆಳಗೆ ಮುಟ್ಟುವವರೆಗೆ ಕದಲುವುದಿಲ್ಲ. ಎಲ್ಲರೂ ನೋಡುತ್ತಿದ್ದರು.

ಮರ ಕಾಂಕ್ರೀಟಿಗೆ ತಾಗಿ ದೊಪ್ಪೆಂದಿತು. ನವಾರು ಸಡಿಲವಾಯಿತು. ಪೆಟ್ಟಿಗೆ ತೊಟ್ಟಿಯ ಬಾಯಲ್ಲಿ ಕೂತುಬಿಟ್ಟಿತು, ಅರ್ಧ ಒಳಗೆ, ಅರ್ಧ ಹೊರಗೆ.

ಲಾಯ್ಡ್ ತಿರುಗುಣಿಯನ್ನು ಇನ್ನೊಂದು ಸುತ್ತು ಬಿಟ್ಟು ನೋಡಿದ. ಏನೂ ಆಗಲಿಲ್ಲ. “ಏನಾಯ್ತು?” ಎಂದಳು ಆರ್ಡಿಸ್. ಹಿಂದಿದ್ದವರು ಕತ್ತು ಚಾಚಿದರು. ಯಾರದೋ ಮಗುವೊಂದು, “ತಾತ ಸಿಕ್ಕಾಕೊಂಡ್ರಾ?” ಎಂದು ಕೇಳಿ ಅಮ್ಮನಿಂದ ಚಿವುಟಿಸಿಕೊಂಡಿತು.

ಇದನ್ನೇ ಅಲ್ಲವೇ ಮೆರ್ಲ್ ಬಯಸಿದ್ದು. ಆದರೆ ಅವನ ಕಣ್ಣು ಪೆಟ್ಟಿಗೆಯ ಮೇಲೆ ನಿಲ್ಲದೆ ಮಗಳ ಮುಖಕ್ಕೆ ಹೋಯಿತು. ಮಾರ್ನಿ ಬಗ್ಗಿ ನೋಡಿರಲೂ ಇಲ್ಲ. ಅಪ್ಪ ಹೇಳಿದ್ದು ನಿಜವೆಂದು ಸದ್ದು ಕೇಳಿದ ಕೂಡಲೇ ಅವಳಿಗೆ ತಿಳಿದಿತ್ತು. ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳು ಗುಂಪಿನ ಮೇಲಿನಿಂದ ಅಪ್ಪನನ್ನು ನೋಡಿದಳು. ಆ ನೋಟದಲ್ಲಿ ಕ್ಷಮಿಸು ಎಂಬುದೇನೂ ಇರಲಿಲ್ಲ. ಅಪ್ಪ ಈಗ ಏನು ಹೇಳುತ್ತಾನೋ ಅದಕ್ಕೆ ಸಿದ್ಧಳಾಗಿ ನಿಂತಿದ್ದಳು.

ರಸೆಲ್ ಮಂಡಿಯೂರಿ ಗುಂಡಿಯೊಳಗೆ ಇಣುಕಿದ. “ಪಟ್ಟಿ ತಗುಲ್ತಿದೆ,” ಎಂದ. ಅವನದು ಆ ಕಸುಬಿನ ಕಣ್ಣು. ನಿಜ ಹಿಡಿಯಲು ಹೊತ್ತು ಬೇಕಾಗಲಿಲ್ಲ. “ಮೈ ಅಳತೆ ಸರಿಯಿದೆ. ಪಟ್ಟಿ ಸೇರಿಸಿ ನೋಡಿಲ್ಲ ಇದರಲ್ಲಿ.” ಅವನು ತಲೆಯೆತ್ತಿದ. ಸತ್ತವನನ್ನು ಅವಮಾನಿಸುವ ಉದ್ದೇಶ ಅವನಿಗೆ ಇರಲಿಲ್ಲ. ಎಲ್ಲ ಕಡೆ ಕೇಳುವ ಪ್ರಶ್ನೆಯನ್ನೇ ಇಲ್ಲೂ ಕೇಳಿದ. “ಡ್ರಾಯಿಂಗ್ ಪರಿಶೀಲಿಸಿದ್ದು ಯಾರು?”

ಮಾರ್ನಿ ಬಾಯಿ ತೆರೆದಳು.

“ನಂದೇ ತಪ್ಪು!” ಎಂದ ಮೆರ್ಲ್. ಅಷ್ಟು ಜೋರಾಗಿ ಕೂಗಬೇಕೆಂದು ಅವನೇ ಅಂದುಕೊಂಡಿರಲಿಲ್ಲ. ಜನ ದಾರಿ ಬಿಟ್ಟರು, ಅವನು ಗುಂಡಿಯವರೆಗೆ ಬಂದ. “ಪೆಟ್ಟಿಗೆದೇನೂ ತಪ್ಪಿಲ್ಲ. ದೊಡ್ಡ ತೊಟ್ಟಿ ಬೇಕು ಅಂತ ಹೇಳಿದ್ರು. ನಾನು ಮರೆತು ಮಾಮೂಲಿದು ತರಿಸಿದೆ.”

ಲಾಯ್ಡ್ ಅವನ ಕಡೆ ನೋಡಿದ. ಬಾಯಿ ಅರ್ಧ ತೆರೆಯಿತು. ಮೆರ್ಲ್ ಕಣ್ಣು ಕದಲಿಸಲಿಲ್ಲ. ಲಾಯ್ಡ್ ಬಾಯಿ ಮುಚ್ಚಿಕೊಂಡು ಹುಲ್ಲು ನೋಡತೊಡಗಿದ.

“ಅಯ್ಯೋ ಮೆರ್ಲ್,” ಎಂದಳು ಆರ್ಡಿಸ್, ನಿಟ್ಟುಸಿರಿಟ್ಟು.

“ಒಟ್ಟು ಅಳತೆ ಕೇಳ್ಬೇಕಿತ್ತಲ್ಲ ಸಾಹೇಬ್ರೇ!” ಎಂದ ರಸೆಲ್, ಎದ್ದು ಮಂಡಿ ಕೊಡವಿಕೊಳ್ಳುತ್ತ. “ಮೇಷ್ಟ್ರು ಇದ್ದಿದ್ರೆ ನಿಮಗೆ ಸೊನ್ನೆ!” ಜನರ ನಡುವೆ ನಗು ಹರಿಯಿತು, ಎಲ್ಲರಿಗೂ ಹಗುರಾಯಿತು. “ಅಂಥಾ ಮೇಷ್ಟ್ರ ಪೆಟ್ಟಿಗೇಲಿ ತಪ್ಪಿರುತ್ತೇನ್ರೀ,” ಎಂದು ಯಾರೋ ಹಿಂದಿನಿಂದ ಹೇಳಿದರು. ಮತ್ತೊಬ್ಬರು ಹೌದೆಂದರು.

ಮೆರ್ಲ್‌ನ ಮೈ ಉರಿಯಿತು. ಇನ್ನು ಈ ಊರಿದ್ದಷ್ಟು ದಿನ ಆರ್ವಿಡ್ ಟೋಲೆಫ್ಸನ್ ಒಂದೂ ತಪ್ಪು ಮಾಡದ ಮನುಷ್ಯ, ಮೆರ್ಲ್ ಡಾನೆಕ್ ಅವನ ಮಣ್ಣು ಕೆಡಿಸಿದವನು. ಅದನ್ನು ತನ್ನ ಬಾಯಿಂದ ತಾನೇ ಮಾಡಿಟ್ಟಿದ್ದ. ಈಗಲೂ ನಿಜ ಹೇಳಿಬಿಡಬೇಕು ಎಂದು ನಾಲಿಗೆ ತುರಿಸಿತು. ಅವನು ತಿರುಗಿ ಪಿಕಪ್‌ನತ್ತ ನಡೆದು, ಅದರಲ್ಲಿದ್ದ ಸಲಕರಣೆಗಳ ಡಬ್ಬಿಯಿಂದ ಸಣ್ಣ ಹಲ್ಲಿನ ಕೈಗರಗಸ ತಂದ.

“ಮೇಲಕ್ಕೆತ್ತು ಲಾಯ್ಡ್. ಸ್ಕ್ರೂ ಎಲ್ಲಾ ಒಳಗಿವೆ, ಬಿಚ್ಚೋಕಾಗಲ್ಲ. ಗೂಟ ಕೊಯ್ದುಬಿಡ್ತೀನಿ.”

ಪೆಟ್ಟಿಗೆ ಮತ್ತೆ ನೆಲದ ಮಟ್ಟಕ್ಕೆ ಬಂತು. ಮೆರ್ಲ್ ಕೋಟು ಬಿಚ್ಚಿ ಹುಲ್ಲಿನ ಮೇಲೆ ಹಾಕಿ, ಅದರ ಮೇಲೆ ಮಂಡಿಯೂರಿದ. ಮೊದಲ ಗೂಟಕ್ಕೆ ಹಲ್ಲು ಇಟ್ಟು ಎಳೆದ. ಒಳ್ಳೆಯ ಓಕು, ಚೆನ್ನಾಗಿ ಒಣಗಿದ್ದು. ಕೊಯ್ಯಲು ಮನಸ್ಸು ಬಾರದಂಥ ಮರ. ಇನ್ನೂರು ಜನ ಗಾಳಿಯಲ್ಲಿ ನಿಂತು ಅವನ ಬೆನ್ನು ನೋಡುತ್ತಿದ್ದರು. ಎರಡನೆಯ ಗೂಟಕ್ಕೆ ಬರುವ ಹೊತ್ತಿಗೆ ಪಟ್ಟಿಯ ತುದಿ ಜೋಲಾಡಿ, ಗರಗಸದ ಹಲ್ಲು ಕಚ್ಚಿಕೊಂಡಿತು.

ಪಕ್ಕದಲ್ಲಿ ಯಾರೋ ಕೂತದ್ದು ತಿಳಿಯಿತು. ಮಾರ್ನಿ. ಕಪ್ಪು ಲಂಗದಲ್ಲೇ ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿ, ಎರಡೂ ಕೈಯಿಂದ ಪಟ್ಟಿಯ ಭಾರ ತಡೆದಳು. ಗರಗಸ ಸಡಿಲವಾಯಿತು.

“ಯಾಕಪ್ಪಾ?” ಎಂದಳು, ಅವನಿಗೆ ಮಾತ್ರ ಕೇಳುವಂತೆ.

“ಇನ್ನೂ ಸ್ವಲ್ಪ ಮೇಲಕ್ಕೆ ಹಿಡ್ಕೋ,” ಎಂದ ಮೆರ್ಲ್. “ಇಲ್ದಿದ್ರೆ ಮರ ಸೀಳುತ್ತೆ.”

ಅವಳು ಮೇಲಕ್ಕೆ ಹಿಡಿದಳು. ಅವನು ಕೊಯ್ಯತೊಡಗಿದ, ಮೆಲ್ಲಗೆ, ಬೇಕಾದ್ದಕ್ಕಿಂತಲೂ ಮೆಲ್ಲಗೆ. ಹಳದಿ ಹೊಟ್ಟು ಅವಳ ಮುಂಗೈ ಮೇಲೆ, ತೋಳಿನ ಮೇಲೆ, ಕಪ್ಪು ಲಂಗದ ಮಡಿಕೆಗಳಲ್ಲಿ ಉದುರುತ್ತಿತ್ತು. ಅವಳು ಅದನ್ನು ಕೊಡವಿಕೊಳ್ಳಲಿಲ್ಲ.